ಕಚೇರಿಯಿಂದ ವಿಶ್ವವಿದ್ಯಾನಿಲಯಕ್ಕೆ: ಮೈಸೂರು ಸೀಮೆಯ ಆಡಳಿತಗಾರರು ನಡೆದ ಹಾದಿ

೧

ನಂಜನಗೂಡು ತಾಲ್ಲೂಕಿನ ಶಾಸನಗಳನ್ನು ಅಭ್ಯಾಸ ಮಾಡಹೊರಟ ವಿದ್ಯಾರ್ಥಿಯ ಮೇಜಿನ ಮೇಲೆ ಎರಡು ಸಂಪುಟಗಳು ಇರಲೇಬೇಕಾಗುತ್ತದೆ. ಮೊದಲನೆಯದು ಬಿ. ಎಲ್. ರೈಸ್ ಅವರು ಸಂಪಾದಿಸಿ ೧೮೯೪ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ. ಎರಡನೆಯದು ಅದೇ ಗ್ರಂಥಮಾಲೆಯ ಪರಿಷ್ಕೃತ ಆವೃತ್ತಿಯಲ್ಲಿ ೧೯೭೪ರಲ್ಲಿ ಪ್ರಕಟವಾದ ಮೂರನೆಯ ಸಂಪುಟ. ಇವೆರಡರಲ್ಲಿಯೂ ಸೀಮೆ ಒಂದೇ, ಬಹುಮಟ್ಟಿಗೆ ಕಲ್ಲುಗಳೂ ಒಂದೇ. ಓದಿನಲ್ಲಿ ತಿದ್ದುಪಾಟುಗಳಾಗಿವೆ, ಹೊಸ ಶಾಸನಗಳು ಸೇರಿವೆ. ಆದರೆ ಮುಖಪತ್ರವನ್ನು ನೋಡಿದವರಿಗೆ ಮತ್ತೊಂದು ಅಂತರವೂ ಕಾಣುತ್ತದೆ. ಮೊದಲ ಸಂಪುಟವು ಮೈಸೂರು ಸರ್ಕಾರದ ಒಂದು ಇಲಾಖೆಯ ಕೆಲಸ. ಎರಡನೆಯದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಕೆಲಸ. ಈ ಎಂಬತ್ತು ವರ್ಷಗಳ ನಡುವೆ ಸರ್ಕಾರದ ಕಚೇರಿಯಲ್ಲಿ ನಡೆಯುತ್ತಿದ್ದ ವಿದ್ವತ್ಕಾರ್ಯವು ವಿಶ್ವವಿದ್ಯಾನಿಲಯದ ಆವರಣಕ್ಕೆ ಬಂದು ನೆಲೆಸಿತು.

ಕೆಲಸವು ತಾನಾಗಿ ಬರುವುದಿಲ್ಲ. ಕಡತಗಳೊಡನೆ ಮನುಷ್ಯರೂ ಬರುತ್ತಾರೆ. ಸರ್ಕಾರದ ಸೇವೆಯಲ್ಲಿ ಪಳಗಿ, ಅನಂತರ ವಿಶ್ವವಿದ್ಯಾನಿಲಯದ ಆಡಳಿತವನ್ನು ವಹಿಸಿಕೊಂಡವರು ನಮ್ಮ ನಾಡಿನ ಉನ್ನತ ಶಿಕ್ಷಣದ ಚರಿತ್ರೆಯಲ್ಲಿ ಪ್ರಾರಂಭದಿಂದಲೂ ಇದ್ದಾರೆ. ಅವರು ತಮ್ಮೊಡನೆ ಏನನ್ನು ತಂದರು, ಏನನ್ನು ಕಚೇರಿಯ ಬಾಗಿಲಲ್ಲಿಯೇ ಬಿಟ್ಟು ಬರಬೇಕಾಯಿತು ಎಂಬುದನ್ನು ಪರಿಶೀಲಿಸುವುದೇ ಈ ಪ್ರಬಂಧದ ಉದ್ದೇಶ. ಇದಕ್ಕೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಂತಹ ಒಂದು ಗ್ರಾಮದಿಂದಲೇ ಹೊರಡುವುದು ಉಚಿತ. ಏಕೆಂದರೆ ಮೈಸೂರು ಸಂಸ್ಥಾನದ ಅಧಿಕಾರಿಯು ಆಡಳಿತವೆಂದರೇನೆಂಬುದನ್ನು ಮೊದಲು ಕಲಿತದ್ದು ಇಂತಹ ಗ್ರಾಮಗಳ ಲೆಕ್ಕಪತ್ರಗಳಲ್ಲಿ.

೨

ಹುಲ್ಲಹಳ್ಳಿ ಕಪಿಲಾ ನದಿಯ ತೀರದಲ್ಲಿರುವ ಹೋಬಳಿ ಕೇಂದ್ರ. ಇಲ್ಲಿಯ ಅಣೆಕಟ್ಟಿನಿಂದ ಹೊರಟ ನಾಲೆ ಬತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಹೊಳೆಯ ಹರಿವನ್ನು ಹಿಡಿದು ಕೆಳಗೆ ನಡೆದರೆ ಶ್ರೀಕಂಠೇಶ್ವರನ ನಂಜನಗೂಡು. ಇನ್ನೂ ಮುಂದೆ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ. ಅಲ್ಲಿಂದ ಗಂಗರ ರಾಜಧಾನಿಯಾಗಿದ್ದ ತಲಕಾಡು ದೂರವಲ್ಲ. ಗಂಗರ ಕಾಲದಿಂದಲೂ ಜನವಸತಿ, ನೀರಾವರಿ, ದತ್ತಿ, ಕಂದಾಯಗಳ ದಾಖಲೆಗಳನ್ನು ಉಳಿಸಿಕೊಂಡು ಬಂದ ನದೀಬಯಲು ಇದು. ದಾನಶಾಸನಗಳ ಕೊನೆಯಲ್ಲಿ ಅದನ್ನು ಬರೆದವನೆಂದು ಸೇನಬೋವನ ಹೆಸರು ಬರುವುದುಂಟು. ಆ ಸೇನಬೋವನೇ ಕಾಲಾಂತರದಲ್ಲಿ ಶಾನುಭೋಗನಾದನು.

ಗ್ರಾಮದ ಆಡಳಿತದಲ್ಲಿ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಇವರಿಗೆಲ್ಲ ತಮ್ಮ ತಮ್ಮ ಕೆಲಸ ಗೊತ್ತುಪಾಡಾಗಿದ್ದಿತು. ಶಾನುಭೋಗನು ಬರೆದ ಲೆಕ್ಕ ಶೇಕ್‌ದಾರನಿಗೆ, ಅಲ್ಲಿಂದ ತಾಲ್ಲೂಕು ಕಚೇರಿಯ ಅಮಲ್ದಾರನಿಗೆ, ಅಲ್ಲಿಂದ ಜಿಲ್ಲೆಯ ಡೆಪ್ಯುಟಿ ಕಮಿಷನರಿಗೆ, ಕೊನೆಗೆ ಬೆಂಗಳೂರಿನ ಅಠಾರಾ ಕಚೇರಿಗೆ ಏರುತ್ತಿದ್ದಿತು. ಹುಕುಂ ಅದೇ ಮೆಟ್ಟಲುಗಳಲ್ಲಿ ಕೆಳಗಿಳಿಯುತ್ತಿದ್ದಿತು. ವರದಿ ಮೇಲಕ್ಕೆ, ಆಜ್ಞೆ ಕೆಳಕ್ಕೆ. ನಡುವೆ ಚರ್ಚೆಗೆ ಎಡೆಯಿರಲಿಲ್ಲ. ೧೮೮೧ರಲ್ಲಿ ರಾಜ್ಯವು ಮತ್ತೆ ಒಡೆಯರ ಮನೆತನಕ್ಕೆ ಬಂದಮೇಲೆ ದಿವಾನ್ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮೊದಲಾದವರು ಈ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಗೊಳಿಸಿದರು. ವಿದ್ಯಾವಂತ ತರುಣರು ಸರ್ಕಾರದ ಸೇವೆಗೆ ಸೇರತೊಡಗಿದರು. ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗವಾಗುತ್ತ, ಜಮಾಬಂದಿ ನಡೆಸುತ್ತ, ನಾಲೆಯ ನೀರಿನ ವ್ಯಾಜ್ಯಗಳನ್ನು ಬಗೆಹರಿಸುತ್ತ ಅವರು ನಾಡನ್ನು ಬಲ್ಲವರಾದರು.

ಈ ಶಿಕ್ಷಣದಲ್ಲಿ ಎರಡು ಗುಣಗಳು ಮುಖ್ಯ. ಒಂದು, ಬರವಣಿಗೆಯ ಶಿಸ್ತು: ಬರೆಯದಿದ್ದುದು ನಡೆಯಲೇ ಇಲ್ಲವೆಂದು ಭಾವಿಸುವಷ್ಟು ದಾಖಲೆಯಲ್ಲಿ ನಿಷ್ಠೆ. ಇನ್ನೊಂದು, ಆಜ್ಞಾಧಾರಕತೆ: ಮೇಲಿನವರ ಮಾತನ್ನು ಪಾಲಿಸಿ, ಕೆಳಗಿನವರಿಂದ ಪಾಲನೆಯನ್ನು ನಿರೀಕ್ಷಿಸುವುದು. ವಿಶ್ವವಿದ್ಯಾನಿಲಯಕ್ಕೆ ಮೊದಲನೆಯದು ಅತ್ಯವಶ್ಯಕ. ಎರಡನೆಯದು ಅಲ್ಲಿ ಅಪಾಯಕಾರಿ. ಮುಂದೆ ಹೇಳುವ ಚರಿತ್ರೆಯೆಲ್ಲವೂ ಈ ಎರಡರ ನಡುವಣ ಎಳೆದಾಟದ ಚರಿತ್ರೆ ಎಂದರೂ ಸಲ್ಲುತ್ತದೆ.

೩

೧೯೧೬ಕ್ಕೆ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಸರ್ಕಾರದ ವಿದ್ಯಾ ಇಲಾಖೆಗೆ ಸೇರಿದ್ದುವು. ಪಾಠಕ್ರಮ, ಪರೀಕ್ಷೆ, ಪದವಿ ಇವೆಲ್ಲ ಮದರಾಸು ವಿಶ್ವವಿದ್ಯಾನಿಲಯದ ಅಧೀನ. ಎಂದರೆ ನಂಜನಗೂಡಿನ ಕಡೆಯ ಹುಡುಗನೊಬ್ಬನು ಮೈಸೂರಿನಲ್ಲಿಯೇ ಓದಿದರೂ ಅವನ ಉತ್ತರಪತ್ರಿಕೆ ಮದರಾಸಿನ ನಿಯಮಗಳಿಗೆ ಒಳಪಟ್ಟಿದ್ದಿತು. ಈ ಪರಾಧೀನತೆಯನ್ನು ತಪ್ಪಿಸಬೇಕೆಂಬುದು ದಿವಾನ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪ. ಅವರೇ ಮುಂಬಯಿ ಪ್ರಾಂತದ ಸರ್ಕಾರದಲ್ಲಿ ಇಂಜಿನಿಯರಾಗಿದ್ದು, ೧೯೦೯ರಲ್ಲಿ ಮೈಸೂರಿನ ಚೀಫ್ ಇಂಜಿನಿಯರಾಗಿ ಬಂದು, ೧೯೧೨ರಲ್ಲಿ ದಿವಾನರಾದವರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಇದೇ ಮೊದಲನೆಯ ವಿಶ್ವವಿದ್ಯಾನಿಲಯ.

ಇಲ್ಲಿ ಒಂದು ಅಂಶ ಗಮನಾರ್ಹ. ಮೇಲೆ ಹೇಳಿದ ಎರಡು ಸರ್ಕಾರಿ ಕಾಲೇಜುಗಳೇ ಹೊಸ ವಿಶ್ವವಿದ್ಯಾನಿಲಯದ ಅಂಗಗಳಾದುವು. ೧೮೯೧ರಲ್ಲಿ ಸ್ಥಾಪಿತವಾಗಿದ್ದ ಪ್ರಾಚ್ಯ ಪುಸ್ತಕಭಂಡಾರವೂ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದದ್ದು ಈ ಭಂಡಾರದ ಓಲೆಗರಿಗಳಿಂದಲೇ. ಹೀಗೆ ೧೯೧೬ರಲ್ಲಿ ಅನೇಕ ಅಧ್ಯಾಪಕರೂ ಗುಮಾಸ್ತರೂ ಕುಳಿತ ಕುರ್ಚಿಯಿಂದ ಏಳದೆಯೇ ಸರ್ಕಾರದಿಂದ ವಿಶ್ವವಿದ್ಯಾನಿಲಯಕ್ಕೆ ಬಂದರು. ಕೊಠಡಿ ಅದೇ, ಮೇಜು ಅದೇ. ಒಡೆತನ ಮಾತ್ರ ಬೇರೆಯಾಯಿತು. ಮನಸ್ಸು ಬದಲಾಗುವುದಕ್ಕೆ ಇದಕ್ಕಿಂತ ಹೆಚ್ಚು ಕಾಲ ಬೇಕಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಹೊಸ ಸಂಸ್ಥೆಗೆ ಪ್ರಥಮ ಉಪಕುಲಪತಿಗಳಾಗಿ ಬಂದವರು ಹೆಬ್ಬಳಲು ವೇಲ್ಪನೂರು ನಂಜುಂಡಯ್ಯನವರು. ಇಂದು ‘ಕುಲಪತಿ’ ಎಂದು ಕರೆಯುವ ಪದವಿಯನ್ನು ಆಗ ‘ಉಪಕುಲಪತಿ’ ಎನ್ನುತ್ತಿದ್ದರು. ಈ ಪ್ರಬಂಧದಲ್ಲಿಯೂ ಹಿಂದಿನ ಕಾಲದ ಸಂದರ್ಭದಲ್ಲಿ ಆ ಮಾತನ್ನೇ ಬಳಸಿದೆ. ನಂಜುಂಡಯ್ಯನವರು ೧೮೬೦ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಕಲಾಶಾಸ್ತ್ರ ಮತ್ತು ನ್ಯಾಯಶಾಸ್ತ್ರದ ಪದವಿಗಳನ್ನು ಪಡೆದು ಮೈಸೂರಿನ ಸೇವೆಗೆ ಸೇರಿದವರು. ನ್ಯಾಯಾಡಳಿತ, ಸರ್ಕಾರದ ಕಾರ್ಯದರ್ಶಿತ್ವ, ಚೀಫ್ ಕೋರ್ಟಿನ ನ್ಯಾಯಾಧೀಶತ್ವ, ಮಹಾರಾಜರ ಆಡಳಿತ ಕೌನ್ಸಿಲಿನ ಸದಸ್ಯತ್ವ ಇವೆಲ್ಲವನ್ನೂ ಕಂಡು, ಐವತ್ತಾರನೆಯ ವಯಸ್ಸಿನ ಸುಮಾರಿಗೆ ವಿಶ್ವವಿದ್ಯಾನಿಲಯಕ್ಕೆ ಬಂದರು. ಸಾಮಾನ್ಯ ಅಧಿಕಾರಿಗೆ ಅದು ವಿಶ್ರಾಂತಿವೇತನವನ್ನು ನೆನೆಯುವ ವಯಸ್ಸು.

೪

ನಂಜುಂಡಯ್ಯನವರ ಆಯ್ಕೆಯನ್ನು ಕೇವಲ ಹಿರಿಯ ಅಧಿಕಾರಿಗೆ ದೊರೆತ ಮರ್ಯಾದೆಯೆಂದು ತಿಳಿಯುವುದು ತಪ್ಪು. ಅವರು ಕಚೇರಿಯಲ್ಲಿದ್ದಾಗಲೇ ವಿದ್ವತ್ತಿನ ಕಡೆಗೆ ಒಂದು ಕಾಲನ್ನು ಇಟ್ಟಿದ್ದವರು. ‘ಲೇಖ್ಯಬೋಧಿನಿ’, ‘ವ್ಯವಹಾರ ದೀಪಿಕೆ’ ಮುಂತಾದ ಅವರ ಕನ್ನಡ ಗ್ರಂಥಗಳು, ನ್ಯಾಯಾಲಯ ಹಾಗೂ ಕಚೇರಿಯ ಅನುಭವವನ್ನು ಜನರ ಭಾಷೆಯಲ್ಲಿ ಹೇಳಿದಂಥವು. ಪತ್ರ ಬರೆಯುವುದು ಹೇಗೆ, ಕಾನೂನು ಏನನ್ನುತ್ತದೆ ಎಂಬುದನ್ನು ಇಂಗ್ಲಿಷ್ ಬಾರದ ಓದುಗನಿಗೆ ತಿಳಿಸುವುದು ಆ ಕಾಲದ ಅಧಿಕಾರಿಗೆ ಕರ್ತವ್ಯವೇನೂ ಆಗಿರಲಿಲ್ಲ. ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದಾಗ ಅದರ ಪ್ರಥಮ ಅಧ್ಯಕ್ಷರೂ ಅವರೇ ಆದರು. ಹೀಗೆ ಅಲ್ಪಕಾಲದ ಅಂತರದಲ್ಲಿ ನಾಡಿನ ಎರಡು ದೊಡ್ಡ ವಿದ್ಯಾಸಂಸ್ಥೆಗಳ ಮೊದಲ ಹೊಣೆ ಒಬ್ಬ ನಿಪುಣ ಅಧಿಕಾರಿಯ ಹೆಗಲಿಗೆ ಬಿದ್ದಿತು.

ಇದಕ್ಕೂ ಮಿಗಿಲಾದ ನಿದರ್ಶನ ಅವರ ಜನಾಂಗ ಸಮೀಕ್ಷೆ. ಸರ್ಕಾರದ ಆಜ್ಞೆಯ ಮೇರೆಗೆ ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ವಿಚಾರವನ್ನು ಸಂಗ್ರಹಿಸುವ ಹೊಣೆ ಅವರಿಗೆ ಬಂದಿದ್ದಿತು. ಕಪಿಲೆಯ ದಡದ ಊರುಗಳಲ್ಲಿ ನಾವು ಇಂದಿಗೂ ಕಾಣುವ ಒಕ್ಕಲಿಗ, ಕುರುಬ, ಉಪ್ಪಾರ, ಬೆಸ್ತ ಮೊದಲಾದ ಸಮುದಾಯಗಳ ಮದುವೆ, ಕುಲದೈವ, ಪಂಚಾಯಿತಿ, ವೃತ್ತಿ ಇವುಗಳನ್ನು ಕುರಿತ ಮಾಹಿತಿಯನ್ನು ಅವರು ಕೂಡಿಹಾಕಿ, ಕೆಲವು ಭಾಗಗಳನ್ನು ಸಣ್ಣ ಪುಸ್ತಕಗಳಾಗಿ ಪ್ರಕಟಿಸಿದರು. ೧೯೨೦ರಲ್ಲಿ ಅವರು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ. ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಆ ಸಾಮಗ್ರಿಯನ್ನು ಬಳಸಿ, ವಿಸ್ತರಿಸಿ, ಇಬ್ಬರ ಹೆಸರಿನಲ್ಲಿಯೂ ನಾಲ್ಕು ಸಂಪುಟಗಳನ್ನು ಸಿದ್ಧಪಡಿಸಿದರು. ೧೯೨೮ರಿಂದ ೧೯೩೫ರ ವರೆಗೆ ಅವುಗಳನ್ನು ಪ್ರಕಟಿಸಿದ್ದು ಮೈಸೂರು ವಿಶ್ವವಿದ್ಯಾನಿಲಯ. ಸರ್ಕಾರದ ಸಮೀಕ್ಷೆಯಾಗಿ ಹುಟ್ಟಿದ ಕೃತಿ ವಿಶ್ವವಿದ್ಯಾನಿಲಯದ ಗ್ರಂಥವಾಗಿ ಹೊರಬಂದಿತು. ಅಧಿಕಾರಿಯು ನಡೆದ ಹಾದಿಯಲ್ಲಿಯೇ ಅವನ ಕಡತವೂ ನಡೆಯಿತು.

ಇಂದಿನ ಸಂಶೋಧಕರು ಆ ಸಂಪುಟಗಳ ಅನೇಕ ಅಭಿಪ್ರಾಯಗಳನ್ನು ಒಪ್ಪುವುದಿಲ್ಲ. ಜನರನ್ನು ಜಾತಿಯ ಪೆಟ್ಟಿಗೆಗಳಲ್ಲಿ ವಿಂಗಡಿಸಿ ಇಡುವುದು ಅಂದಿನ ಆಡಳಿತದ ದೃಷ್ಟಿ. ಆಳುವವನಿಗೆ ಬೇಕಾದ ತಿಳಿವಳಿಕೆಗೂ ಅರಿಯಬಯಸುವವನಿಗೆ ಬೇಕಾದ ತಿಳಿವಳಿಕೆಗೂ ಭೇದವುಂಟು. ಆದರೆ ಸಾಮಗ್ರಿಯು ವಿಶ್ವವಿದ್ಯಾನಿಲಯಕ್ಕೆ ಬಂದುದರಿಂದ ಒಂದು ಪ್ರಯೋಜನವಾಯಿತು: ಅದು ಮುಚ್ಚಿದ ಕಡತವಾಗಿ ಉಳಿಯದೆ ಯಾರು ಬೇಕಾದರೂ ಓದಿ ಖಂಡಿಸಬಹುದಾದ ಗ್ರಂಥವಾಯಿತು. ಕಚೇರಿಯ ದಾಖಲೆಗೂ ವಿದ್ಯಾಪೀಠದ ಪ್ರಕಟಣೆಗೂ ಇರುವ ಮುಖ್ಯ ವ್ಯತ್ಯಾಸವೇ ಇದು.

ಉಪಕುಲಪತಿಯ ಸ್ಥಾನವೂ ಅಧಿಕಾರಿಗೆ ಇಂತಹುದೇ ವ್ಯತ್ಯಾಸವನ್ನು ಮುಂದಿಟ್ಟಿತು. ಕಾರ್ಯದರ್ಶಿಯು ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸುತ್ತಾನೆ. ನ್ಯಾಯಾಧೀಶನು ತೀರ್ಪು ಹೇಳುತ್ತಾನೆ. ಆದರೆ ವಿಶ್ವವಿದ್ಯಾನಿಲಯದಲ್ಲಿ ಸೆನೆಟ್, ಕೌನ್ಸಿಲ್ ಎಂಬ ಸಭೆಗಳಿದ್ದುವು. ಅಲ್ಲಿ ಗಣಿತದ ಪ್ರೊಫೆಸರು ಸಂಸ್ಕೃತದ ಪ್ರೊಫೆಸರನ್ನು ವಿರೋಧಿಸಬಹುದು. ಇಬ್ಬರೂ ಸೇರಿ ಉಪಕುಲಪತಿಯನ್ನು ವಿರೋಧಿಸಬಹುದು. ಹುಕುಮಿನ ಜಾಗದಲ್ಲಿ ಮನವೊಲಿಕೆ ಬಂದು ಕೂತಿತು.

೫

೧೯೧೮ರಲ್ಲಿ ನಡೆದ ಮೈಸೂರಿನ ಮೊದಲ ಘಟಿಕೋತ್ಸವದ ಭಾಷಣಕ್ಕೆ ಸರ್ ಆಶುತೋಷ ಮುಖರ್ಜಿಯವರನ್ನು ಬರಮಾಡಿಕೊಂಡದ್ದು ಈ ದೃಷ್ಟಿಯಿಂದ ಅರ್ಥವತ್ತಾದುದು. ಅವರು ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿದ್ದುಕೊಂಡೇ ೧೯೦೬ರಿಂದ ೧೯೧೪ರ ವರೆಗೆ ಅಲ್ಲಿನ ವಿಶ್ವವಿದ್ಯಾನಿಲಯವನ್ನು ನಡೆಸಿ, ಅದನ್ನು ಕೇವಲ ಪರೀಕ್ಷೆ ನಡೆಸುವ ಸಂಸ್ಥೆಯ ಸ್ಥಿತಿಯಿಂದ ಬೋಧನೆ ಸಂಶೋಧನೆಗಳ ಕ್ಷೇತ್ರವಾಗಿ ಬೆಳೆಸಿದವರು. ಮುಂದೆ ೧೯೨೧ರಿಂದ ೧೯೨೩ರ ವರೆಗೆ ಎರಡನೆಯ ಸಲ ಆ ಪದವಿಯಲ್ಲಿದ್ದಾಗ, ಬಂಗಾಳದ ಸರ್ಕಾರವು ಧನಸಹಾಯಕ್ಕೆ ಷರತ್ತುಗಳನ್ನು ಒಡ್ಡಲು, ಅವರು ಅದನ್ನು ಬಲವಾಗಿ ವಿರೋಧಿಸಿದರು. ಸರ್ಕಾರದ ಸಂಬಳ ಪಡೆಯುವ ನ್ಯಾಯಾಧೀಶನೇ ಸರ್ಕಾರದ ಹಸ್ತಕ್ಷೇಪವನ್ನು ತಡೆದ ಉದಾಹರಣೆ ಇದು. ಅಧಿಕಾರಿಯಾಗಿದ್ದವನು ವಿಶ್ವವಿದ್ಯಾನಿಲಯಕ್ಕೆ ಬಂದರೆ ಸರ್ಕಾರದ ಕೈಯಾಳಾಗಿಯೇ ಉಳಿಯುತ್ತಾನೆಂಬ ಮಾತು ಎಲ್ಲ ಕಡೆಯೂ ನಿಜವಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಮೈಸೂರಿನಲ್ಲಿ ನಂಜುಂಡಯ್ಯನವರ ಅನಂತರ ಬಂದ ಬ್ರಜೇಂದ್ರನಾಥ ಸೀಲರು ತತ್ತ್ವಶಾಸ್ತ್ರದ ಪಂಡಿತರು, ಅಧಿಕಾರಿಗಳಲ್ಲ. ಆದರೆ ಅವರ ಜೀವನದಲ್ಲಿ ಹಾದಿ ಹಿಮ್ಮುಖವಾಗಿ ತೆರೆಯಿತು: ಉಪಕುಲಪತಿಗಳಾಗಿದ್ದಾಗಲೇ ಮೈಸೂರಿನ ರಾಜ್ಯಾಂಗ ಸುಧಾರಣೆಯನ್ನು ಕುರಿತು ವಿಚಾರಮಾಡಿದ ಸಮಿತಿಗೆ ಅಧ್ಯಕ್ಷರಾಗಿ, ೧೯೨೩ರಲ್ಲಿ ವರದಿ ಒಪ್ಪಿಸಿದರು. ಕಚೇರಿಯು ವಿದ್ಯಾಪೀಠಕ್ಕೆ ಆಡಳಿತಗಾರನನ್ನು ಕೊಟ್ಟಿದ್ದಿತು. ವಿದ್ಯಾಪೀಠವು ಸರ್ಕಾರಕ್ಕೆ ವಿಚಾರವನ್ನು ಕೊಟ್ಟಿತು.

ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರ ಜೀವನ ಇನ್ನೂ ಸ್ವಾರಸ್ಯಕರ. ಮಹಾರಾಜಾ ಕಾಲೇಜಿನಲ್ಲಿ ಚರಿತ್ರೆಯ ಪ್ರಾಧ್ಯಾಪಕರಾಗಿದ್ದ ಅವರು ಮೈಸೂರಿನ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆದರು. ಅಲ್ಲಿಂದ ಹೊರಟುಹೋದಮೇಲೆ ೧೯೨೬ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾದರು. ಕಾಯಿದೆಭಂಗ ಚಳವಳಿಯ ಕಾಲದಲ್ಲಿ ಬ್ರಿಟಿಷ್ ಸರ್ಕಾರದ ದಮನನೀತಿಯನ್ನು ಪ್ರತಿಭಟಿಸಿ ಆ ಪದವಿಗೆ ರಾಜೀನಾಮೆಯಿತ್ತರು. ೧೯೩೬ರಲ್ಲಿ ಮತ್ತೆ ಬಂದು ದೀರ್ಘಕಾಲ ಅದನ್ನು ನಡೆಸಿದರು. ಸೇವಾನಿಯಮಗಳಿಗೆ ಒಳಪಟ್ಟ ಇಲಾಖಾಧಿಕಾರಿಗೆ ಇಂತಹ ಪ್ರತಿಭಟನೆ ಸುಲಭವಲ್ಲ. ವಿದ್ಯಾಪೀಠದ ಮುಖ್ಯಸ್ಥನಿಗೆ ಒಂದೊಂದು ಸಲ ಅದೇ ಕರ್ತವ್ಯವಾಗಬಹುದು.

ಮೈಸೂರಿನಲ್ಲಿ ಸೀಲರ ಅನಂತರ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇ. ಪಿ. ಮೆಟ್‌ಕಾಫರೂ, ಅವರ ತರುವಾಯ ೧೯೩೭ರಲ್ಲಿ ಎನ್. ಎಸ್. ಸುಬ್ಬರಾಯರೂ ಉಪಕುಲಪತಿಗಳಾದರು. ಸುಬ್ಬರಾಯರು ಅರ್ಥಶಾಸ್ತ್ರದ ಅಧ್ಯಾಪಕರು. ನಡುವೆ ವಿದ್ಯಾ ಇಲಾಖೆಯ ಡೈರೆಕ್ಟರ್ ಆಗಿದ್ದು ಶಾಲೆಗಳ ಆಡಳಿತವನ್ನು ಬಲ್ಲವರು. ಉಪಕುಲಪತಿಯ ಕೆಳಗೆ ದಿನನಿತ್ಯದ ಕೆಲಸವನ್ನು ನಡೆಸುವ ರಿಜಿಸ್ಟ್ರಾರರ ಸ್ಥಾನದಲ್ಲಿ ೧೯೨೬ರಿಂದ ೧೯೩೦ರ ವರೆಗೆ ಇದ್ದವರು ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು. ಅದೇ ಅವಧಿಯಲ್ಲಿ, ೧೯೨೭ರಲ್ಲಿ, ಕನ್ನಡದಲ್ಲಿ ಎಂ. ಎ. ತರಗತಿ ಆರಂಭವಾಯಿತು. ಇದರಿಂದ ಒಂದು ವಿಷಯ ವೇದ್ಯವಾಗುತ್ತದೆ. ಸ್ಥಾಪನೆಗೆ ಸರ್ಕಾರದ ಅನುಭವಿಯನ್ನು ಕರೆದ ವಿಶ್ವವಿದ್ಯಾನಿಲಯವು, ಹದಿನೈದು ಇಪ್ಪತ್ತು ವರ್ಷಗಳೊಳಗೆ ತನ್ನ ಅಧ್ಯಾಪಕರಿಂದಲೇ ಆಡಳಿತಗಾರರನ್ನು ಪಡೆಯುವಷ್ಟು ಬೆಳೆದಿದ್ದಿತು.

೬

ಉತ್ತರ ಕರ್ನಾಟಕದಲ್ಲಿ ಇದೇ ಕಥೆ ಸ್ವಾತಂತ್ರ್ಯಾನಂತರ ನಡೆಯಿತು. ಅಲ್ಲಿಯ ಕಾಲೇಜುಗಳು ಬಹುಕಾಲ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ೧೯೪೯ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾನಿಲಯವು ೧೯೫೦ರಲ್ಲಿ ಧಾರವಾಡಕ್ಕೆ ಬಂದಿತು. ೧೯೫೪ರಲ್ಲಿ ಅದರ ಉಪಕುಲಪತಿಗಳಾಗಿ ಬಂದವರು ದಾದಪ್ಪ ಚಿಂತಪ್ಪ ಪಾವಟೆಯವರು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ೧೮೯೯ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ರ‍್ಯಾಂಗ್ಲರ್ ಎನಿಸಿ, ಕೆಲಕಾಲ ಬನಾರಸಿನಲ್ಲಿ ಅಧ್ಯಾಪಕರಾಗಿದ್ದು, ಮುಂಬಯಿ ಸರ್ಕಾರದ ವಿದ್ಯಾ ಇಲಾಖೆಗೆ ಸೇರಿದವರು. ೧೯೪೭ರಿಂದ ಆ ಪ್ರಾಂತದ ವಿದ್ಯಾ ಇಲಾಖೆಯ ಡೈರೆಕ್ಟರಾಗಿದ್ದು, ಅಲ್ಲಿಂದ ನೇರವಾಗಿ ಧಾರವಾಡಕ್ಕೆ ಬಂದರು. ೧೯೬೭ರ ವರೆಗೆ, ಎಂದರೆ ಹದಿಮೂರು ವರ್ಷ, ಒಂದೇ ಪೀಠದಲ್ಲಿದ್ದು, ಗುಡ್ಡದ ಮೇಲೆ ವಿಶ್ವವಿದ್ಯಾನಿಲಯದ ವಿಸ್ತಾರವಾದ ನಗರವನ್ನು ಕಟ್ಟಿ ನಿಲ್ಲಿಸಿದರು. ಅನಂತರ ಪಂಜಾಬಿನ ರಾಜ್ಯಪಾಲರಾದರು. ೧೯೬೪ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಸ್ಮರಣಗ್ರಂಥಕ್ಕೆ ತಮ್ಮನ್ನು ‘ಶಿಕ್ಷಣ ಆಡಳಿತಗಾರ’ನೆಂದೇ ಕರೆದುಕೊಂಡು ಹೆಸರಿಟ್ಟರು. ಅಧ್ಯಾಪಕನೂ ಅಲ್ಲದ, ಬರಿಯ ಅಧಿಕಾರಿಯೂ ಅಲ್ಲದ ಒಂದು ಹೊಸ ವೃತ್ತಿ ನಮ್ಮ ನಾಡಿನಲ್ಲಿ ರೂಪುಗೊಂಡಿತೆಂಬುದಕ್ಕೆ ಆ ಹೆಸರೇ ಸಾಕ್ಷಿ.

ನಂಜುಂಡಯ್ಯನವರನ್ನೂ ಪಾವಟೆಯವರನ್ನೂ ಹೋಲಿಸಿದರೆ ಕಾಲದ ಬದಲಾವಣೆ ಸ್ಪಷ್ಟವಾಗುತ್ತದೆ. ಮೊದಲಿನವರು ನ್ಯಾಯ, ಕಂದಾಯ, ರಾಜ್ಯಾಡಳಿತಗಳ ಸಾಮಾನ್ಯ ಸೇವೆಯಿಂದ ಬಂದವರು. ಎರಡನೆಯವರು ಶಿಕ್ಷಣ ಇಲಾಖೆಯಲ್ಲಿಯೇ ಬೆಳೆದವರು. ಮೊದಲಿನವರಿಗೆ ದೊರೆತದ್ದು ನಾಲ್ಕು ವರ್ಷಗಳೂ ತುಂಬದ ಅವಧಿ. ಎರಡನೆಯವರಿಗೆ ಅದರ ಮೂರರಷ್ಟಕ್ಕೂ ಮಿಗಿಲು. ಸಂಸ್ಥೆಯನ್ನು ಕಟ್ಟುವುದಕ್ಕೆ ಆಡಳಿತದ ಕೌಶಲವೊಂದೇ ಸಾಲದು, ಕಾಲವೂ ಬೇಕು ಎಂಬುದು ಇದರಿಂದ ದೊರೆಯುವ ಪಾಠ. ಕಂದಾಯ ಇಲಾಖೆಯಲ್ಲಿ ಅಧಿಕಾರಿ ವರ್ಗವಾಗಿ ಹೋದರೂ ಜಮಾಬಂದಿ ನಿಲ್ಲುವುದಿಲ್ಲ. ಆದರೆ ಹೊಸದಾಗಿ ಆರಂಭವಾದ ಅಧ್ಯಯನ ವಿಭಾಗವೊಂದು ಪದೇ ಪದೇ ಬದಲಾಗುವ ಆಡಳಿತದ ಕೈಯಲ್ಲಿ ಬೇರೂರಲಾರದು.

೭

ಇಷ್ಟರವರೆಗೆ ದೊಡ್ಡ ಪದವಿಗಳ ಮಾತಾಯಿತು. ಹುಲ್ಲಹಳ್ಳಿಯ ಕಡೆಯಿಂದ ನೋಡಿದರೆ ಇದೇ ಹಾದಿ ಬೇರೆ ಬಗೆಯಾಗಿ ಕಾಣುತ್ತದೆ. ಗ್ರಾಮದ ತರುಣನು ಪಟ್ಟಣಕ್ಕೆ ಹೋಗಿ ಓದಿದ್ದು ಬಹುಮಟ್ಟಿಗೆ ಸರ್ಕಾರದ ಕೆಲಸಕ್ಕಾಗಿ. ವಿಶ್ವವಿದ್ಯಾನಿಲಯದಿಂದ ಕಚೇರಿಗೆ ಹೋಗುವ ಹಾದಿ ಹೆದ್ದಾರಿ. ಕಚೇರಿಯಿಂದ ವಿಶ್ವವಿದ್ಯಾನಿಲಯಕ್ಕೆ ಬರುವುದು ಕೆಲವರೇ ನಡೆದ ಕಾಲುದಾರಿ. ಆ ಹೆದ್ದಾರಿಯೂ ಎಲ್ಲರಿಗೆ ತೆರೆದಿರಲಿಲ್ಲ. ಅಧಿಕಾರದ ಹುದ್ದೆಗಳು ಕೆಲವೇ ಸಮುದಾಯಗಳ ಕೈಯಲ್ಲಿವೆಯೆಂಬ ದೂರು ಬಲಗೊಂಡು, ೧೯೧೮ರಲ್ಲಿ ಮಹಾರಾಜರು ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಹಿಂದುಳಿದವರಿಗೆ ಸರ್ಕಾರದ ಸೇವೆಯಲ್ಲಿ ಹೆಚ್ಚಿನ ಪಾಲು ದೊರೆಯಬೇಕೆಂದು ಆ ಸಮಿತಿ ಸಲಹೆಮಾಡಿತು. ವಿಶ್ವವಿದ್ಯಾನಿಲಯವು ತನ್ನ ಆಡಳಿತಗಾರರನ್ನು ಸರ್ಕಾರದ ಹಿರಿಯ ಶ್ರೇಣಿಯಿಂದ ಆರಿಸಿಕೊಂಡ ಕಾಲದಲ್ಲಿ, ಆ ಶ್ರೇಣಿಗೆ ಏರಲಾರದ ಸಮುದಾಯಗಳಿಗೆ ವಿಶ್ವವಿದ್ಯಾನಿಲಯದ ಆಡಳಿತವೂ ದೂರವೇ ಆಗಿದ್ದಿತು. ಆಡಳಿತಗಾರರ ಗುಣಗಳನ್ನು ಹೊಗಳುವಾಗ ಈ ಅಂಶವನ್ನು ಚರಿತ್ರಕಾರನು ಮರೆಯಲಾಗದು.

ವಿಶ್ವವಿದ್ಯಾನಿಲಯವೇ ಹಳ್ಳಿಗೆ ಹೋದ ಪ್ರಸಂಗವೂ ಉಂಟು. ೧೯೩೦ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಊರೂರುಗಳಲ್ಲಿ ಕನ್ನಡದ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವುಗಳನ್ನು ಸಣ್ಣ ಪುಸ್ತಕಗಳಾಗಿ ಸುಲಭ ಬೆಲೆಗೆ ಅಚ್ಚುಹಾಕಿಸಿತು. ಕಂದಾಯ ವಸೂಲಿಗಲ್ಲದೆ, ವಿಚಾರಣೆಗಲ್ಲದೆ, ಪಟ್ಟಣದಿಂದ ಒಬ್ಬರು ಬಂದು ವಿಜ್ಞಾನವನ್ನೋ ಚರಿತ್ರೆಯನ್ನೋ ಕುರಿತು ಮಾತನಾಡಿ ಹೋಗುವುದು ಗ್ರಾಮಸ್ಥರಿಗೆ ಹೊಸ ಅನುಭವ. ಅಮಲ್ದಾರನ ಸವಾರಿಗೂ ಉಪನ್ಯಾಸಕನ ಭೇಟಿಗೂ ಇರುವ ಅಂತರವು, ಸರ್ಕಾರಕ್ಕೂ ವಿಶ್ವವಿದ್ಯಾನಿಲಯಕ್ಕೂ ಇರುವ ಅಂತರವನ್ನು ಯಾವ ವ್ಯಾಖ್ಯಾನಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಈ ನದೀಬಯಲಿನಲ್ಲಿಯೇ ಸರ್ಕಾರದ ಇಲಾಖೆಯೂ ವಿಶ್ವವಿದ್ಯಾನಿಲಯವೂ ಕೈಜೋಡಿಸಿದ ಕೆಲಸವೊಂದುಂಟು. ೧೯೫೯ರಿಂದ ೧೯೬೫ರ ನಡುವೆ ತಿರುಮಕೂಡಲು ನರಸೀಪುರದಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಉತ್ಖನನ ನಡೆದು ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂದಿತು. ಅದರ ವರದಿ ೧೯೭೧ರಲ್ಲಿ ಪ್ರಕಟವಾಯಿತು. ಅವರು ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಪ್ರಾಕ್ತನಶಾಸ್ತ್ರ ಇಲಾಖೆಯ ನಿರ್ದೇಶಕರೂ ಆಗಿದ್ದರು. ಅವರಿಗಿಂತ ಮುಂಚೆ ಡಾ. ಎಂ. ಎಚ್. ಕೃಷ್ಣರೂ ಹೀಗೆಯೇ ಚರಿತ್ರೆಯ ಪ್ರಾಧ್ಯಾಪಕತ್ವವನ್ನೂ ಇಲಾಖೆಯ ನಿರ್ದೇಶಕತ್ವವನ್ನೂ ಒಟ್ಟಿಗೆ ನಿರ್ವಹಿಸಿದ್ದರು. ನೆಲವನ್ನು ಅಗೆಯಲು ಸರ್ಕಾರದ ಅಧಿಕಾರ ಬೇಕು. ಅಗೆದುದರ ಅರ್ಥವನ್ನು ಹೇಳಲು ವಿದ್ಯಾಪೀಠದ ಸ್ವಾತಂತ್ರ್ಯ ಬೇಕು. ಎರಡೂ ಒಬ್ಬರಲ್ಲಿ ಕೂಡಿದಾಗ ಕೆಲಸ ಸುಗಮವಾಗುತ್ತಿದ್ದಿತು.

೮

ಸ್ವಾತಂತ್ರ್ಯ ಬಂದಮೇಲೆ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ೧೯೪೮–೪೯ರಲ್ಲಿ ಕೆಲಸಮಾಡಿದ ವಿಶ್ವವಿದ್ಯಾನಿಲಯ ಆಯೋಗವು, ಉನ್ನತ ಶಿಕ್ಷಣಕ್ಕೆ ಹಣವೊದಗಿಸುವುದು ಸರ್ಕಾರದ ಹೊಣೆಯಾದರೂ ಅದರಿಂದ ವಿದ್ಯೆಯ ನೀತಿಯ ಮೇಲೆ ಸರ್ಕಾರಕ್ಕೆ ಹತೋಟಿ ಪ್ರಾಪ್ತವಾಗುವುದಿಲ್ಲವೆಂಬ ಭಾವವನ್ನು ಸ್ಪಷ್ಟಪಡಿಸಿತು. ರಾಧಾಕೃಷ್ಣನ್ನರೂ ಹಿಂದೆ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರೇ. ಆದರೆ ಕಾಲಕ್ರಮದಲ್ಲಿ ವಿಶ್ವವಿದ್ಯಾನಿಲಯಗಳು ಹೆಚ್ಚಿದುವು, ಅನುದಾನ ಹೆಚ್ಚಿತು, ಲೆಕ್ಕ ಕೇಳುವ ಅಗತ್ಯವೂ ಹೆಚ್ಚಿತು. ೧೯೭೬ರ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ ೨೦೦೦ದ ಕಾಯಿದೆಯೂ ರಾಜ್ಯದ ವಿಶ್ವವಿದ್ಯಾನಿಲಯಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದುವು. ಕುಲಸಚಿವ, ಹಣಕಾಸು ಅಧಿಕಾರಿ ಮೊದಲಾದವರನ್ನು ನೇಮಿಸುವ ಅಧಿಕಾರವನ್ನು ೨೦೦೦ದ ಕಾಯಿದೆ ಸರ್ಕಾರಕ್ಕೆ ಕೊಟ್ಟಿತು. ಈಚಿನ ವರ್ಷಗಳಲ್ಲಿ ರಾಜ್ಯದ ಆಡಳಿತ ಸೇವೆಯ ಅಧಿಕಾರಿಗಳು ಕುಲಸಚಿವರಾಗಿ ಬರುವುದು ಅಪರೂಪವಲ್ಲ.

ಇಂದಿನ ಈ ಸಂಕ್ರಮಣಕ್ಕೂ ೧೯೧೬ರ ಸಂಕ್ರಮಣಕ್ಕೂ ಮುಖ್ಯವಾದ ಭೇದವಿದೆ. ನಂಜುಂಡಯ್ಯನವರಾಗಲಿ ಪಾವಟೆಯವರಾಗಲಿ ಸರ್ಕಾರವನ್ನು ಬಿಟ್ಟು ವಿಶ್ವವಿದ್ಯಾನಿಲಯದವರೇ ಆದರು. ಹಿಂದಿರುಗುವ ಕುರ್ಚಿಯನ್ನು ಕಾದಿರಿಸಿ ಬಂದವರಲ್ಲ. ನಿಯೋಜನೆಯ ಮೇಲೆ ಬರುವ ಅಧಿಕಾರಿಯ ವರ್ಗಾವಣೆ, ಬಡ್ತಿ, ಭವಿಷ್ಯ ಇವೆಲ್ಲ ಬೇರೆಡೆ ಇರುತ್ತವೆ. ಅವರಲ್ಲಿ ದಕ್ಷರೂ ಪ್ರಾಮಾಣಿಕರೂ ಇದ್ದಾರೆ. ವ್ಯವಹಾರದಲ್ಲಿ ಶಿಥಿಲವಾದ ವಿಶ್ವವಿದ್ಯಾನಿಲಯಕ್ಕೆ ಅವರ ಲೆಕ್ಕದ ಶಿಸ್ತು ಔಷಧವಾಗಬಹುದು. ಅಧ್ಯಾಪಕರು ಆಡಳಿತಕ್ಕೆ ಬಂದ ಮಾತ್ರಕ್ಕೆ ನಿಷ್ಪಕ್ಷಪಾತ ತಾನಾಗಿ ನೆಲೆಸುತ್ತದೆಂದೂ ಹೇಳಲಾಗದು. ಆದ ಕಾರಣ ಪ್ರಶ್ನೆಯು ವ್ಯಕ್ತಿ ಎಲ್ಲಿಂದ ಬಂದನೆಂಬುದಲ್ಲ. ಬಂದಮೇಲೆ ಯಾರಿಗೆ ಉತ್ತರ ಹೇಳಬೇಕಾದವನಾಗಿದ್ದಾನೆ ಎಂಬುದು.

ಇದು ಬರಿಯ ತತ್ತ್ವದ ಮಾತಲ್ಲ. ಹುಲ್ಲಹಳ್ಳಿಯಿಂದ ಬಸ್ಸಿನಲ್ಲಿ ಮೈಸೂರಿಗೆ ಬಂದು, ಅಂಕಪಟ್ಟಿಗಾಗಿ ಕಿಂಡಿಯ ಮುಂದೆ ನಿಲ್ಲುವ ವಿದ್ಯಾರ್ಥಿನಿಯೊಬ್ಬಳಿಗೆ ಇದರ ಫಲ ತಟ್ಟುತ್ತದೆ. ಅವಳ ಅಜ್ಜ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತಂತೆಯೇ ಅವಳೂ ನಿಲ್ಲಬೇಕಾದರೆ, ವಿಶ್ವವಿದ್ಯಾನಿಲಯವು ಕಚೇರಿಯಿಂದ ಶಿಸ್ತನ್ನು ಬಿಟ್ಟು ದರ್ಪವನ್ನು ಮಾತ್ರ ಪಡೆಯಿತೆಂದು ತಿಳಿಯಬೇಕು. ಅವಳ ಅಂಕ ತಪ್ಪಿಲ್ಲದೆ ದಾಖಲಾಗಿ, ಕೇಳಿದಾಗ ದೊರೆತು, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ಅವಳಿಗಿದ್ದರೆ, ಶಾನುಭೋಗನ ಲೆಕ್ಕದಿಂದ ಆರಂಭವಾದ ದಾಖಲೆಯ ನಿಷ್ಠೆ ಸಾರ್ಥಕವಾಯಿತೆನ್ನಬೇಕು.

೯

ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಗಿರಿಗಳು ಕೊನೆಗಂಡುವು. ಆದರೆ ಆ ವ್ಯವಸ್ಥೆಯ ಒಬ್ಬ ಸೇವಕನನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕೆರೆಕಾಲುವೆಗಳ ನೀರನ್ನು ಹಂಚುತ್ತಿದ್ದ ನೀರಗಂಟಿಗೆ ಗ್ರಾಮದಲ್ಲಿ ದೊಡ್ಡ ಸ್ಥಾನವಿರಲಿಲ್ಲ. ನೀರು ಅವನದಲ್ಲ, ಗದ್ದೆಯೂ ಅವನದಲ್ಲ. ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬ ಸರದಿಯನ್ನು ಕಾಯುವುದಷ್ಟೇ ಅವನ ಕೆಲಸ. ಅವನು ಪಕ್ಷಪಾತ ಮಾಡಿದರೆ ಕೊನೆಯ ಗದ್ದೆ ಒಣಗುತ್ತಿದ್ದಿತು. ಅವನು ಇಲ್ಲದಿದ್ದರೆ ಎಲ್ಲರೂ ಒಡ್ಡನ್ನು ಒಡೆಯುತ್ತಿದ್ದರು.

ವಿಶ್ವವಿದ್ಯಾನಿಲಯದ ಆಡಳಿತಗಾರನ ಸ್ಥಾನವೂ ಇಂತಹುದೇ. ವಿದ್ಯೆ ಅವನದಲ್ಲ, ಅದು ಅಧ್ಯಾಪಕ ವಿದ್ಯಾರ್ಥಿಗಳ ನಡುವೆ ಹರಿಯುವಂಥದು. ಅವನು ತೂಬನ್ನು ಕಾಯುವವನು. ಸರ್ಕಾರದ ಸೇವೆಯಿಂದ ಬಂದು ಈ ಕೆಲಸದಲ್ಲಿ ಯಶಸ್ವಿಗಳಾದವರ ಜೀವನವನ್ನು ನೋಡಿದರೆ, ಅವರು ಕಚೇರಿಯಿಂದ ಲೆಕ್ಕದ ನಿಷ್ಠೆಯನ್ನು ತಂದರು, ಆಜ್ಞೆಯ ಅಭ್ಯಾಸವನ್ನು ಅಲ್ಲಿಯೇ ಬಿಟ್ಟರು ಎಂಬುದು ವ್ಯಕ್ತವಾಗುತ್ತದೆ. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವು ಹುಟ್ಟಿ ಶತಮಾನ ಕಳೆದ ಮೇಲೆಯೂ ಆ ಹಾದಿಯಲ್ಲಿ ಬರುವವರನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ನಮಗೆ ದೊರೆತಿಲ್ಲ.